ಹತ್ತು ಕುರಿಯ ತುಪ್ಪಟ, ಒಂದು ಕಂಬಳಿ

ಮಕ್ಕಳೇ, ಕಂಬಳಿಹುಳು ನೋಡಿದ್ದೀರಲ್ಲ? ಮಳೆಗಾಲದಲ್ಲಿ ನುಗ್ಗೆಮರದ ಕಾಂಡಕ್ಕೆ ದಂಡುಗಟ್ಟಿ ಅಂಟಿಕೊಂಡಿರುತ್ತದೆ. ಮುಟ್ಟಿದರೆ ಮೈಯೆಲ್ಲ ತುರಿಕೆ. ಅದಕ್ಕೆ ಆ ಹೆಸರು ಬಂದದ್ದು ನಮ್ಮ ಅಜ್ಜಂದಿರು ಹೊದೆಯುತ್ತಿದ್ದ ಕರಿಕಂಬಳಿಯಿಂದ. ನಮ್ಮ ಪಾವಗಡ ತಾಲ್ಲೂಕಿಗೆ ಮೂರು ಕಡೆಯೂ ಆಂಧ್ರವೇ. ಅಲ್ಲಿ ತೆಲುಗು ಮಾತಾಡುವ ಮನೆಗಳಲ್ಲಿ ಕಂಬಳಿಗೆ ಗೊಂಗಳಿ ಎನ್ನುತ್ತಾರೆ, ಕಂಬಳಿಹುಳುವಿಗೆ ಗೊಂಗಳಿ ಪುರುಗು. ಎರಡು ಭಾಷೆಯವರೂ ಆ ಹುಳುವನ್ನು ನೋಡಿ ಒಂದೇ ವಸ್ತುವನ್ನು ನೆನೆದರು ನೋಡಿ, ಅಷ್ಟು ಮನೆಮಾತಾಗಿತ್ತು ಕಂಬಳಿ. ಈಗ ಹುಳು ಹಾಗೇ ಇದೆ, ಕಂಬಳಿಯನ್ನು ಮುಟ್ಟಿ ನೋಡದ ಮಕ್ಕಳೇ ಹೆಚ್ಚು.

ನಾನು ಬಿ.ಕಾಂ. ಮಾಡಿ ಬ್ಯಾಂಕಿಗೆ ಸೇರಿ, ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳಲ್ಲೇ ವರ್ಗವಾಗುತ್ತ, ಗುಮಾಸ್ತನಾಗಿಯೇ ನಿವೃತ್ತನಾದವನು. ನೂಲುವುದಾಗಲಿ ನೇಯುವುದಾಗಲಿ ನನಗೆ ಬಾರದು. ಲೆಕ್ಕ ಬರುತ್ತದೆ. ಈ ಬರಹದಲ್ಲಿ ಅಲ್ಲಲ್ಲಿ ಲೆಕ್ಕ ಬಂದರೆ ಬೇಜಾರು ಮಾಡಿಕೊಳ್ಳಬೇಡಿ, ಎಲ್ಲ ಬಾಯಿಲೆಕ್ಕವೇ.

ಏಳನೇ ಕ್ಲಾಸಿನ ನನ್ನ ಮೊಮ್ಮಗಳು ೨೦೨೪ರ ಬೇಸಿಗೆ ರಜೆಗೆ ಬಂದಾಗ ಒಂದು ಚಿತ್ರಪುಸ್ತಕ ತಂದಿದ್ದಳು. ಅದರಲ್ಲಿ ಯೂರೋಪಿನ ಅಜ್ಜಿಯೊಬ್ಬರು ದಿಂಬು ಮುಂದಿಟ್ಟುಕೊಂಡು ಕೂತಿದ್ದಾರೆ. ದಿಂಬಿನ ತುಂಬ ಗುಂಡುಸೂಜಿ, ಸೂಜಿಗಳಿಂದ ಇಳಿಬಿದ್ದ ದಾರ, ಪ್ರತಿ ದಾರದ ತುದಿಗೂ ಪೆನ್ಸಿಲಿನಷ್ಟು ಮರದ ಕಡ್ಡಿ. ಆ ಕಡ್ಡಿಗೆ ಬಾಬಿನ್ ಎಂದು ಹೆಸರು. ಎರಡು ಜೊತೆ ಕಡ್ಡಿಗಳನ್ನು ಒಂದರ ಮೇಲೊಂದು ದಾಟಿಸಿ, ತಿರುಚಿ, ಸೂಜಿ ಚುಚ್ಚಿ ನಿಲ್ಲಿಸುತ್ತ ಜಾಲರಿ ಹೆಣೆಯುತ್ತಾರೆ. ಸುಮಾರು ೧೬ನೇ ಶತಮಾನದಿಂದ ಇಟಲಿ, ಬೆಲ್ಜಿಯಂ ಕಡೆ ನಡೆದುಬಂದ ಕೆಲಸ. ಸ್ಲೊವೇನಿಯಾ ದೇಶದ ಬಾಬಿನ್ ಲೇಸನ್ನು ಯುನೆಸ್ಕೊ ೨೦೧೮ರಲ್ಲಿ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ದಕ್ಷಿಣದಲ್ಲೂ ನಾಗರಕೋಯಿಲ್ ಕಡೆಗೆ ೧೯ನೇ ಶತಮಾನದ ಆರಂಭದಲ್ಲಿ ಮಿಷನರಿ ಹೆಂಗಸರು ಇದನ್ನು ತಂದಿದ್ದರು. ದಿಂಬು ಚಿಕ್ಕದು, ಶಾಲು ದೊಡ್ಡದು. ಹಾಗಾಗಿ ದೊಡ್ಡದನ್ನು ಮಾಡಬೇಕೆಂದರೆ ಒಂದೋ ರಾಶಿ ಕಡ್ಡಿ ಬೇಕು, ಇಲ್ಲವೇ ಪಟ್ಟಿಪಟ್ಟಿಯಾಗಿ ಹೆಣೆದು ಒಂದಕ್ಕೊಂದು ಕೂಡಿಸಬೇಕು.

“ತಾತ, ಇಷ್ಟ್ ದೊಡ್ಡ ಶಾಲು ಮನೇಲೇ ಕೂತ್ಕೊಂಡು ಮಾಡ್ತಾರಂತೆ. ನಮ್ ಕಡೆ ಯಾರಾದ್ರೂ ಮಾಡ್ತಾರಾ?” ಎಂದಳು.

ಲೇಸು ಹೆಣೆಯುವವರು ನಮ್ಮಲ್ಲಿಲ್ಲ. ಆದರೆ ಕುರಿಯ ಮೈಯಿಂದ ಹಿಡಿದು ಮನುಷ್ಯನ ಹೆಗಲಿನವರೆಗೆ ಎಲ್ಲವನ್ನೂ ಮನೆಯಂಗಳದಲ್ಲೇ, ಕೈಯಲ್ಲೇ ಮಾಡುವ ಮಂದಿ ಇದ್ದಾರೆ. ಬೆಳಿಗ್ಗೆ ಬಸ್ಸು ಹತ್ತಿ ಇಬ್ಬರೂ ಹೊರಟೆವು. ಶಿರಾ ತಾಲ್ಲೂಕಿನ ಒಂದು ಹಟ್ಟಿ ಅದು. ಆ ಮನೆಯವರು ನನಗೆ ಹಳೆಯ ಪರಿಚಯ, ಸಾಲದ ಪರಿಚಯ.

ಆ ಕಥೆಯನ್ನು ಹೇಳಿಬಿಡುತ್ತೇನೆ. ೧೯೮೦ರ ದಶಕದ ಆರಂಭ. ಬಡವರಿಗೆ ಶೇಕಡ ೪ರ ಬಡ್ಡಿಯಲ್ಲಿ ಸಾಲ ಕೊಡುವ ಡಿ.ಆರ್.ಐ. ಯೋಜನೆ ಇತ್ತು, ಈಗಲೂ ಇದೆ. ಜೊತೆಗೆ ಐ.ಆರ್.ಡಿ.ಪಿ. ಬಂತು. ಕುರಿ ಸಾಲವೆಂದರೆ ನಮಗೆ ಬಾಯಿಪಾಠ: ಇಪ್ಪತ್ತು ಕುರಿ, ಒಂದು ಟಗರು. ವಿಮೆ ಮಾಡಿಸಿದ ಕುರಿಯ ಕಿವಿಗೆ ಬಿಲ್ಲೆ ಹಾಕುತ್ತಿದ್ದರು. ಕುರಿ ಸತ್ತರೆ ಬಿಲ್ಲೆಯ ಸಮೇತ ಕಿವಿ ತಂದು ತೋರಿಸಬೇಕು. ಕೌಂಟರಿನ ಮೇಲೆ ಕಾಗದದಲ್ಲಿ ಸುತ್ತಿದ ಕಿವಿಯನ್ನು ಇಟ್ಟು ನಿಂತವರನ್ನು ನಾನು ಕಂಡಿದ್ದೇನೆ. ಕುರಿ ಸಾಲ ಹೀಗೆ ಸಲೀಸಾಗಿತ್ತು. ಈ ಮನೆಯ ಯಜಮಾನರು ಕೇಳಿದ್ದು ಮಾತ್ರ ಕುರಿಗಲ್ಲ, ತುಪ್ಪಟ ಕೊಳ್ಳಲು ೧,೫೦೦ ರೂಪಾಯಿ. ಅರ್ಜಿಯಲ್ಲಿ ‘ಯಂತ್ರೋಪಕರಣಗಳ ವಿವರ ಮತ್ತು ಮೌಲ್ಯ’ ಎಂದೊಂದು ಕಲಂ. ಮಗ್ಗವನ್ನು ಅಡಮಾನಕ್ಕೆ ಬರೆದುಕೊಳ್ಳೋಣ ಎಂದು ನಮ್ಮ ಫೀಲ್ಡ್ ಆಫೀಸರು ಹೊರಟರು, ಜೊತೆಗೆ ನನ್ನನ್ನೂ ಕರೆದೊಯ್ದರು. ಹೋಗಿ ನೋಡಿದರೆ ಮಗ್ಗವೆಂದರೆ ನೆಲದಲ್ಲಿ ಮೊಣಕಾಲುದ್ದದ ಒಂದು ಗುಂಡಿ, ಎರಡು ಗೂಟ, ಒಂದಿಷ್ಟು ಬಿದಿರು ಕೋಲು, ಹಗ್ಗ! ಗುಂಡಿಯನ್ನು ಬ್ಯಾಂಕು ಜಪ್ತಿ ಮಾಡುವುದು ಹೇಗೆ? ಆಫೀಸರು ತುಂಬ ಹೊತ್ತು ಯೋಚಿಸಿ ಆ ಕಲಮಿನಲ್ಲಿ ಒಂದು ಗೆರೆ ಎಳೆದು, ಮನುಷ್ಯನ ಮುಖ ನೋಡಿ ಸಾಲ ಬರೆದರು. ವರ್ಷಕ್ಕೆ ಬಡ್ಡಿ ಎಷ್ಟಾಯಿತು, ಮಕ್ಕಳೇ? ೬೦ ರೂಪಾಯಿ. ಒಂದು ಕಂತೂ ತಪ್ಪದೆ ತೀರಿಸಿದರು. ಆ ಯಜಮಾನರು ಈಗಿಲ್ಲ. ಅವರ ಹೆಂಡತಿ, ಈಗ ಎಂಬತ್ತರ ಹತ್ತಿರದ ಅಜ್ಜಿ, ಮತ್ತು ಮಗ ಇದ್ದಾರೆ. ಗುಂಡಿಯೂ ಅದೇ.

ಅಜ್ಜಿ ನನ್ನನ್ನು ದನಿಯಲ್ಲಿ ಗುರುತು ಹಿಡಿದರು. ಕಣ್ಣಿಗೆ ಪೊರೆ ಬಂದಿದೆ. “ಬ್ಯಾಂಕಿನ ಸಾಮೇರಾ? ಬನ್ನಿ ಬನ್ನಿ. ಜೊತೇಲಿ ಯಾರು, ಮೊಮ್ಮಗಳಾ? ಬಾ ತಾಯಿ, ಕೂತ್ಕೋ” ಎಂದು ಕಂಬಳಿ ಹಾಸಿದರು. ನಮ್ಮ ಸೀಮೆಯಲ್ಲಿ ಅದೊಂದು ಮರ್ಯಾದೆ. ಕುರುಬರ, ಕಾಡುಗೊಲ್ಲರ ಮದುವೆಗಳಲ್ಲಿ, ದೇವರ ಕಾರ್ಯಗಳಲ್ಲಿ ಕಂಬಳಿ ಗದ್ದಿಗೆ ಹಾಕದೆ ಮುಂದಿನ ಕೆಲಸ ಇಲ್ಲ.

ಇನ್ನು ಕೆಲಸದ ವಿಷಯ. ಉಣ್ಣೆ ಎಂದು ನೀವು ಪುಸ್ತಕದಲ್ಲಿ ಓದುವುದಕ್ಕೆ ನಮ್ಮ ಕಡೆ ತುಪ್ಪಟ ಎನ್ನುತ್ತಾರೆ. ಕುರಿಗಳನ್ನು ಕೆರೆಯಲ್ಲೋ ಕಟ್ಟೆಯಲ್ಲೋ ಮೀಯಿಸಿ, ಒಣಗಿದ ಮೇಲೆ ಕಾಲು ಕಟ್ಟಿ ಮಲಗಿಸಿ, ವರ್ಷಕ್ಕೆ ಎರಡು ಸಲ ತುಪ್ಪಟ ಕತ್ತರಿಸುತ್ತಾರೆ. ಕುರಿಗೆ ನೋವಾಗುವುದಿಲ್ಲ, ನಿಮಗೆ ಕ್ಷೌರ ಮಾಡಿಸಿದ ಹಾಗೆ. ಮರಿಯ ಮೊದಲ ತುಪ್ಪಟ ಎಲ್ಲಕ್ಕಿಂತ ಮೆದು. ನಮ್ಮ ದಖನ್ ಸೀಮೆಯ ಕುರಿಯ ತುಪ್ಪಟ ಒರಟು, ಕಾಶ್ಮೀರದ ಶಾಲಿನಂತಲ್ಲ. ಆ ಒರಟುತನವೇ ಕಂಬಳಿಗೆ ಬೇಕು. ಬಣ್ಣ ಹಾಕುವುದಿಲ್ಲ. ಕಪ್ಪು, ಕಂದು, ಬೂದಿ, ಬಿಳಿ, ಎಲ್ಲ ಕುರಿ ಕೊಟ್ಟ ಬಣ್ಣವೇ.

ಕತ್ತರಿಸಿದ ತುಪ್ಪಟದಲ್ಲಿ ಮುಳ್ಳು, ಹುಲ್ಲುಬೀಜ, ಹಿಕ್ಕೆಯ ಚೂರು ಎಲ್ಲ ಇರುತ್ತದೆ. ಕೈಯಲ್ಲಿ ಆರಿಸಿ, ಬಿಲ್ಲಿನ ಹೆದೆಯಿಂದ ಮೀಟಿ ಹಿಂಜುತ್ತಾರೆ. ಹೆದೆ ಝೇಂಕರಿಸಿದ ಹಾಗೆಲ್ಲ ಗಂಟುಗಟ್ಟಿದ್ದು ಬಿಡಿಸಿಕೊಂಡು ಮೋಡದ ಹಾಗೆ ಉಬ್ಬುತ್ತದೆ. ಆ ಮೋಡವನ್ನು ಚಿಕ್ಕ ಚಿಕ್ಕ ಹಂಜಿಯಾಗಿ ಸುತ್ತಿಟ್ಟರೆ ರಾಟೆಗೆ ಸಿದ್ಧ. ರಾಟೆ ಹೆಂಗಸರ ಕೆಲಸ. ಬಲಗೈ ಚಕ್ರ ತಿರುಗಿಸುತ್ತದೆ, ಎಡಗೈ ಹಂಜಿಯನ್ನು ಹಿಂದಕ್ಕೆ ಎಳೆಯುತ್ತದೆ, ಕದಿರಿನ ಮೇಲೆ ನೂಲು ಸುತ್ತಿಕೊಳ್ಳುತ್ತದೆ. ಅಜ್ಜಿ ನೂಲುವಾಗ ಕಣ್ಣು ಎತ್ತಲೋ ಇತ್ತು, ಬೆರಳು ಮಾತ್ರ ಎಳೆಯ ಮೇಲೆ. ದಪ್ಪ ತೆಳು ಎಲ್ಲ ಆ ಬೆರಳಿಗೇ ಗೊತ್ತಾಗುತ್ತಿತ್ತು. ಮೊಮ್ಮಗಳು ಕೂತಳು. ಎಳೆದಳು, ತುಂಡಾಯಿತು. ಮತ್ತೆ ಎಳೆದಳು, ಹೆಬ್ಬೆರಳ ಗಾತ್ರದ ಗಂಟು ಬಂತು. “ಆತುರ ಬ್ಯಾಡ ಮಗ, ನೀನು ಎಳೀಬ್ಯಾಡ, ಅದೇ ಬರ್ತೈತೆ” ಎಂದರು ಅಜ್ಜಿ. ಮುಕ್ಕಾಲು ಗಂಟೆಯಲ್ಲಿ ಅವಳು ನೂತದ್ದನ್ನು ನಾನು ಅಳೆದೆ, ಎಂಟು ಮೊಳ. ಅಷ್ಟರಲ್ಲಿ ಅಜ್ಜಿಯ ಕದಿರು ತುಂಬಿತ್ತು.

ನೂಲು ಸಾಕಷ್ಟು ಆದ ಮೇಲೆ ಹಾಸು ಹಾಕುವುದು. ಉದ್ದಕ್ಕೆ ಎಳೆದ ದಾರಗಳು ಹಾಸು, ಅಡ್ಡಕ್ಕೆ ಹೋಗುವುದು ಹೊಕ್ಕು. ‘ನಮ್ಮ ಬದುಕಿನಲ್ಲಿ ಹಾಸುಹೊಕ್ಕಾಗಿದೆ’ ಎಂದು ನಿಮ್ಮ ಕನ್ನಡ ಮೇಷ್ಟ್ರು ಹೇಳುತ್ತಾರಲ್ಲ, ಆ ಮಾತು ಹುಟ್ಟಿದ್ದು ಮಗ್ಗದ ಗುಂಡಿಯಲ್ಲಿ. ಹಾಸನ್ನು ಬೀದಿಯುದ್ದಕ್ಕೆ ಕಟ್ಟಿ ಹುಣಸೆ ಬೀಜದ ಗಂಜಿ ಸವರುತ್ತಾರೆ. ಇದು ನಮ್ಮ ಜಿಲ್ಲೆಗೆ ಹೇಳಿ ಮಾಡಿಸಿದ ಉಪಾಯ. ಶಿರಾ, ಪಾವಗಡ, ಮಧುಗಿರಿ ಎಲ್ಲ ಹುಣಸೆಯ ನಾಡು, ಬೀಜಕ್ಕೆ ಬರವಿಲ್ಲ. ಬೀಜವನ್ನು ಹುರಿದು, ಕೆಂಪು ಸಿಪ್ಪೆ ತೆಗೆದು, ಬೀಸಿ ಪುಡಿಮಾಡಿ, ನೀರಲ್ಲಿ ಕುದಿಸಿದರೆ ಅಂಟಂಟಾದ ಗಂಜಿ. ಎಳೆಯಿಂದ ಹೊರಕ್ಕೆ ಚಾಚಿದ ಕೂದಲು ಗಂಜಿಯಿಂದ ಒಳಕ್ಕೆ ಮಲಗಿ ದಾರ ಗಟ್ಟಿಯಾಗುತ್ತದೆ, ನೇಯುವಾಗ ಒಂದಕ್ಕೊಂದು ಸಿಕ್ಕಿಕೊಳ್ಳುವುದಿಲ್ಲ. ಬಟ್ಟೆ ಗಿರಣಿಗಳಲ್ಲೂ ಇದೇ ಹುಣಸೆ ಬೀಜದ ಪುಡಿಯನ್ನು ಬಳಸುತ್ತಾರೆ. ಮಳೆ ಬಂದರೆ ಮಾತ್ರ ಕೆಲಸ ಕೆಟ್ಟಿತು, ಹಾಸು ಒಣಗುವುದಿಲ್ಲ. ಮಳೆಗೆ ಹೊದೆಯುವ ವಸ್ತು ಮಾಡುವವನಿಗೆ ಮಳೆಯೇ ಶತ್ರು!

ಮಗ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತರು. ಕೆಳಗಿನ ಹಲಗೆಯನ್ನು ಒಂದು ಕಾಲಿಂದ ತುಳಿದರೆ ಹಾಸಿನ ಅರ್ಧ ಎಳೆಗಳು ಮೇಲೇಳುತ್ತವೆ, ಅರ್ಧ ಕೆಳಗಿಳಿಯುತ್ತವೆ. ನಡುವಿನ ಸಂದಿಯಲ್ಲಿ ಲಾಳಿ ತೂರುತ್ತದೆ. ಲಾಳಿಯ ಹೊಟ್ಟೆಯಲ್ಲಿ ಕಂಡಿಕೆ, ಕಂಡಿಕೆಯ ಮೇಲೆ ಹೊಕ್ಕಿನ ನೂಲು. “ತಾತ, ಇದೇ ಬಾಬಿನ್ನು!” ಎಂದಳು ಮೊಮ್ಮಗಳು. ಸರಿಯಾಗಿಯೇ ಹೇಳಿದಳು. ಅಲ್ಲಿ ನೂರು ಕಡ್ಡಿ, ಇಲ್ಲಿ ಒಂದೇ ಕಂಡಿಕೆ, ಅಷ್ಟೇ ವ್ಯತ್ಯಾಸ. ಲಾಳಿ ದಾಟಿದ ಮೇಲೆ ಕತ್ತಿಯಾಕಾರದ ಮರದ ಹಲಗೆಯನ್ನು ಸಂದಿಗೆ ತೂರಿಸಿ ಹೊಕ್ಕನ್ನು ಧಪ್ಪೆಂದು ಬಡಿಯುತ್ತಾರೆ. ಈ ಬಡಿತದಲ್ಲೇ ಕಂಬಳಿಯ ಬಲ. ಲೇಸಿನಲ್ಲಿ ಕಿಂಡಿಯೇ ಚೆಂದ, ಕಂಬಳಿಯಲ್ಲಿ ಕಿಂಡಿ ಬಿಟ್ಟರೆ ನೇಕಾರನ ಮಾನ ಹೋಯಿತು.

ಕಂಬಳಿ ಮಳೆಯನ್ನು ತಡೆಯುವುದು ಹೇಗೆ? ಕುರಿಯ ಮೈಯಲ್ಲಿ ಮೇಣದಂಥ ಒಂದು ಜಿಡ್ಡಿರುತ್ತದೆ, ಅದು ತುಪ್ಪಟದಲ್ಲೂ ಉಳಿದಿರುತ್ತದೆ. ನೀರು ಮೇಲೆಯೇ ಹನಿಯಾಗಿ ಜಾರುತ್ತದೆ. ಸ್ವಲ್ಪ ಒಳಗೆ ಇಳಿದರೂ ಉಣ್ಣೆ ತನ್ನ ತೂಕದ ಮೂರನೇ ಒಂದು ಪಾಲಿನ ಹತ್ತಿರದಷ್ಟು ತೇವ ಹೀರಿಕೊಂಡೂ ಮೈಗೆ ಒದ್ದೆ ಅನ್ನಿಸುವುದಿಲ್ಲ. ಸುರುಳಿಸುರುಳಿ ಎಳೆಗಳ ನಡುವೆ ಗಾಳಿ ನಿಂತಿರುವುದರಿಂದ ಚಳಿಯೂ ಒಳಗೆ ಬಾರದು, ಬಿಸಿಲೂ ಬಾರದು. ನಮ್ಮ ಬಾಲ್ಯದಲ್ಲಿ ಒಂದು ಮೂಲೆ ಮಡಚಿ ತಲೆಗೆ ಕೊಪ್ಪೆ ಹಾಕಿಕೊಂಡರೆ ಅದೇ ಕೊಡೆ. ಬಿಚ್ಚಿದರೆ ಹಾಸಿಗೆ. ಗಂಟು ಕಟ್ಟಿದರೆ ಕಡಲೆಕಾಯಿ ಚೀಲ. ಹೊಲದಲ್ಲಿ ಕುರಿಮಂದೆ ತರುಬಿ ರಾತ್ರಿ ಕಾಯುವವನಿಗೆ ಅದೇ ಮನೆ. ಹೊಸದಾಗಿ ಈದ ಮರಿಯನ್ನು ಹೊತ್ತು ತರಲು ಅದೇ ತೊಟ್ಟಿಲು. ಜುಂಜಪ್ಪನ ಕಥೆ ಹಾಡುವ ಕಾಡುಗೊಲ್ಲರನ್ನು ಈ ಸೀಮೆಯಲ್ಲಿ ಕಂಡವರಿಗೆ ಹೆಗಲ ಮೇಲಿನ ಕಂಬಳಿ ಮತ್ತು ಉದ್ದನೆಯ ಗಣೆ ಕೊಳಲು ಒಟ್ಟಿಗೇ ನೆನಪಾಗುತ್ತವೆ. ೧೮೦೦ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಮಧುಗಿರಿ, ಶಿರಾಗಳ ಮೂಲಕ ಹಾದುಹೋದ. ೧೮೦೭ರಲ್ಲಿ ಮೂರು ಸಂಪುಟವಾಗಿ ಅಚ್ಚಾದ ಅವನ ಪ್ರವಾಸದ ಬರಹದಲ್ಲೂ ಕುರುಬರ ಕಂಬಳಿಯ ಪ್ರಸ್ತಾಪ ಇದೆ.

ಈಗ ನನ್ನ ಲೆಕ್ಕ. ಅವರ ಮನೆಯ ಕಂಬಳಿ ಆರು ಮೊಳ ಉದ್ದ, ಮೂರು ಮೊಳ ಅಗಲ, ತೂಕ ಎರಡು ಕಿಲೋ. ಒಂದು ಕುರಿಯಿಂದ ಒಂದು ಸಲಕ್ಕೆ ಸುಮಾರು ಕಾಲು ಕಿಲೋ ತುಪ್ಪಟ. ಎರಡು ಕಿಲೋಗೆ ಎಂಟು ಕುರಿ. ಹಿಂಜುವಾಗ ಉದುರಿ ಹೋಗುವುದಕ್ಕೆ ಇನ್ನೆರಡು ಸೇರಿಸಿ, ಹತ್ತು. ನೂಲಲು ಮನೆಗೆಲಸದ ನಡುವೆ ಅಜ್ಜಿಗೂ ಸೊಸೆಗೂ ಸೇರಿ ಹದಿನೈದು ದಿನ. ಹಿಂಜುವುದು, ಗಂಜಿ, ಹಾಸು, ನೇಯ್ಗೆ ಎಲ್ಲ ಸೇರಿ ಇನ್ನೈದು ದಿನ. ಒಟ್ಟು ಇಪ್ಪತ್ತು. ಅವರು ಹೇಳಿದ ಬೆಲೆ ೨,೫೦೦ ರೂಪಾಯಿ. ಭಾಗಿಸಿ ನೋಡಿ, ದಿನಕ್ಕೆ ೧೨೫. ತುಪ್ಪಟದ ಖರ್ಚನ್ನು ಇನ್ನೂ ಕಳೆದಿಲ್ಲ, ಇಬ್ಬರು ಹೆಂಗಸರ ಕೆಲಸವನ್ನು ಒಂದೇ ಆಳು ಎಂದು ಹಿಡಿದಿದ್ದೇನೆ. ಆ ವರ್ಷ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತರಿಯ ಕೂಲಿ ದಿನಕ್ಕೆ ೩೪೯ ರೂಪಾಯಿ. ಗುಂಡಿ ತೋಡುವವನಿಗೆ ಗುಂಡಿಯಲ್ಲಿ ಕೂತು ನೇಯುವವನಿಗಿಂತ ಹೆಚ್ಚು ಸಿಗುತ್ತದೆ! ಎರಡೂವರೆ ಸಾವಿರ ದುಬಾರಿಯಲ್ಲವೇ ಎಂದು ಕೇಳುವವರಿಗೆ ನಾನು ಈ ಲೆಕ್ಕವನ್ನೇ ಬರೆದು ತೋರಿಸುತ್ತೇನೆ.

ಅಂಗಡಿಯಲ್ಲಿ ಇದರ ಕಾಲುಭಾಗದ ಬೆಲೆಗೆ ರಗ್ಗು ಸಿಗುತ್ತದೆ ನಿಜ. ಪಾಣಿಪತ್ತಿನ ಗಿರಣಿಗಳು ಹಳೆಯ ಉಣ್ಣೆ ಬಟ್ಟೆಗಳನ್ನು ಚಿಂದಿ ಮಾಡಿ, ಮತ್ತೆ ನೂಲಾಗಿಸಿ ನೇಯುತ್ತವೆ. ಪಾಲಿಯೆಸ್ಟರಿನ ನುಣುಪು ಹೊದಿಕೆಗಳಂತೂ ಸಂತೆಯಲ್ಲಿ ಗುಡ್ಡೆ ಬಿದ್ದಿರುತ್ತವೆ. ಅವುಗಳ ಜೊತೆ ಕೈಕೆಲಸ ಬೆಲೆಯಲ್ಲಿ ಸ್ಪರ್ಧಿಸಲಾರದು. ಇನ್ನೊಂದು ಕಡೆ ಕುರಿಯೇ ಬದಲಾಗಿದೆ. ಮಾಂಸಕ್ಕೆ ಬೆಲೆ ಬಂದ ಮೇಲೆ ಬೇಗ ತೂಕ ಬರುವ, ಮೈಮೇಲೆ ತುಪ್ಪಟವೇ ಇಲ್ಲದ ನೆಲ್ಲೂರು ತಳಿಯ ಕಡೆಗೆ ಸಾಕಣೆದಾರರು ವಾಲಿದ್ದಾರೆ. ಅವರನ್ನು ತಪ್ಪು ಎನ್ನಲಾಗದು, ಕುರಿಯೇ ಅವರ ಬ್ಯಾಂಕು. ತುಪ್ಪಟದ ಕುರಿ ಇದ್ದವರೂ ಕತ್ತರಿಸುವವನಿಗೆ ಕೂಲಿ ಕೊಟ್ಟು, ಕೊಳ್ಳುವವರಿಲ್ಲದೆ ಬೇಲಿಸಂದಿಗೆ ಎಸೆಯುತ್ತಾರೆ. ಪಾವಗಡದ ತಿರುಮಣಿ ಕಡೆ ೧೩,೦೦೦ ಎಕರೆಯಲ್ಲಿ ೨,೦೫೦ ಮೆಗಾವಾಟಿನ ಸೋಲಾರ್ ಪಾರ್ಕ್ ಬಂತು. ಹೊಲ ಕೊಟ್ಟ ರೈತರಿಗೆ ವರ್ಷವರ್ಷ ಗೇಣಿ ಬರುತ್ತದೆ, ಊರಿಗೂ ಬೆಳಕು. ಬೀಳು ಹೊಲದಲ್ಲಿ ಕುರಿ ಅಡ್ಡಾಡಿಸುತ್ತಿದ್ದ, ಸ್ವಂತ ಹೊಲವಿಲ್ಲದವನಿಗೆ ಮಾತ್ರ ಬೇಲಿ ಸಿಕ್ಕಿತು.

ಇಷ್ಟೆಲ್ಲ ನಾನು ಮಗನ ಹತ್ತಿರ ಮಾತಾಡುತ್ತಿದ್ದಾಗ ಅವರು ಒಂದು ಮಾತು ಹೇಳಿದರು. “ಮಗ್ಗ ನಿಲ್ಲೋದು ನನ್ ಕಾಲು ಸೋತಾಗಲ್ಲ ಸಾಮಿ, ಅವ್ವನ ಕೈ ಸೋತಾಗ.” ಒಂದು ಮಗ್ಗಕ್ಕೆ ಎಡೆಬಿಡದೆ ನೂಲು ಒದಗಿಸಲು ಮೂರು ನಾಲ್ಕು ರಾಟೆ ಬೇಕು. ಆ ಹಟ್ಟಿಯಲ್ಲಿ ಹಿಂದೆ ಮನೆಗೊಂದು ರಾಟೆ ಇತ್ತಂತೆ, ಈಗ ತಿರುಗುವುದು ಎರಡು. ನೇಯುವುದನ್ನು ಎಲ್ಲರೂ ನೋಡುತ್ತಾರೆ, ಫೋಟೊ ತೆಗೆಯುತ್ತಾರೆ. ನೂಲುವವರನ್ನು ಕೇಳುವವರಿಲ್ಲ, ಕೂಲಿಯೂ ಅವರಿಗೇ ಕಡಿಮೆ. ಮಗನ ಮಗ ಬೆಂಗಳೂರಿನ ಕಾರ್ಖಾನೆಯಲ್ಲಿದ್ದಾನೆ, ಹಬ್ಬಕ್ಕೆ ಬರುತ್ತಾನೆ. ಸೊಸೆಗೆ ಇನ್ನೂ ನೂಲುವ ಶಕ್ತಿ ಇದೆ, ಆದರೆ ಹೊರಗಿನ ಕೂಲಿ ಬಿಟ್ಟು ರಾಟೆ ಮುಂದೆ ಕೂತರೆ ದಿನದ ಖರ್ಚು ಏರುವುದಿಲ್ಲ. ನಾನು ಅಲ್ಲೇ ಒಂದು ಕಂಬಳಿಗೆ ಹೇಳಿ, ಹಣ ಪೂರ್ತಿ ಮುಂಗಡ ಕೊಟ್ಟು ಬಂದೆ. ಮೊಮ್ಮಗಳು ತಾನು ನೂತ ಎಂಟು ಮೊಳವನ್ನೂ ಅದರಲ್ಲಿ ಸೇರಿಸಬೇಕೆಂದು ಹಟ ಹಿಡಿದಳು. “ಅಂಚಿಗೆ ಹಾಕ್ತೀನಿ ಬಿಡು, ನಿನ್ ಗಂಟು ನಿಂಗೇ ಗೊತ್ತಾಗ್ಲಿ” ಎಂದು ನಕ್ಕರು.

ಮನೆಗೆ ಬಂದ ಮೇಲೆ ಅವಳು ರಟ್ಟಿನ ಮಗ್ಗ ಮಾಡಿದಳು. ನೀವೂ ಮಾಡಬಹುದು. ಒಂದು ಅಡಿ ಉದ್ದ, ಆರು ಇಂಚು ಅಗಲದ ಗಟ್ಟಿ ರಟ್ಟು ತೆಗೆದುಕೊಳ್ಳಿ. ಮೇಲಿನ ಮತ್ತು ಕೆಳಗಿನ ಅಂಚಿನಲ್ಲಿ ಅರ್ಧ ಸೆಂಟಿಮೀಟರಿಗೊಂದು ಕಚ್ಚು ಹಾಕಿ. ಕಚ್ಚಿನಿಂದ ಕಚ್ಚಿಗೆ ಗಟ್ಟಿ ನೂಲನ್ನು ಮೇಲಿಂದ ಕೆಳಕ್ಕೆ ಬಿಗಿಯಾಗಿ ಸುತ್ತಿದರೆ ಹಾಸು ಆಯಿತು. ದಪ್ಪ ಸೂಜಿಗೆ ಉಲ್ಲನ್ ದಾರ ಪೋಣಿಸಿ ಒಂದು ಎಳೆಯ ಮೇಲೆ, ಒಂದು ಎಳೆಯ ಕೆಳಗೆ ಹೋಗಿ. ಹಿಂದಿರುಗುವಾಗ ಮೇಲಿದ್ದದ್ದು ಕೆಳಗೆ, ಕೆಳಗಿದ್ದದ್ದು ಮೇಲೆ. ಪ್ರತಿ ಸಾಲನ್ನೂ ಹಳೆಯ ಬಾಚಣಿಗೆಯಿಂದ ಕೆಳಕ್ಕೆ ಒತ್ತಿ. ದಾರವನ್ನು ಅಂಚಿನಲ್ಲಿ ಬಿಗಿಯಾಗಿ ಎಳೆಯಬೇಡಿ, ಎಳೆದರೆ ಪಟ್ಟಿ ನಡುವೆ ಸೊಂಟದ ಹಾಗೆ ಸಣ್ಣಗಾಗುತ್ತದೆ. ಮೊಮ್ಮಗಳ ಮೊದಲ ಪಟ್ಟಿ ಹಾಗೇ ಆಯಿತು. ಒಂದು ಪಟ್ಟಿ ಮುಗಿದ ಮೇಲೆ ರಟ್ಟಿನಿಂದ ಬಿಡಿಸಿ, ತುದಿಗಳಿಗೆ ಗಂಟು ಹಾಕಿ, ಇನ್ನೊಂದು ಶುರು ಮಾಡಿ. ಅಂಥ ಐದು ಪಟ್ಟಿಗಳನ್ನು ತುದಿಗೆ ತುದಿ ಸೇರಿಸಿ ಅವಳ ಅಜ್ಜಿ ಹೊಲಿದುಕೊಟ್ಟರು. ಐದು ಅಡಿಯ ಮಫ್ಲರು! ದಿಂಬಿನ ಮೇಲೆ ಲೇಸು ಹೆಣೆಯುವವರ ಉಪಾಯವೂ ಇದೇ ಅಲ್ಲವೇ.

ಕಂಬಳಿ ದೀಪಾವಳಿಗೆ ಮೊದಲು ಬಸ್ಸಿನಲ್ಲಿ ಬಂತು. ಒಂದು ಅಂಚಿನಲ್ಲಿ ಗಂಟುಗಂಟಾದ ಒಂದಿಷ್ಟು ಸಾಲು ಕೈಗೆ ಸಿಗುತ್ತದೆ. ಕೊಳ್ಳುವ ಮನಸ್ಸಿರುವ ಅಜ್ಜ ಅಜ್ಜಿಯರಿಗೆ ಎರಡು ಮಾತು. ಅದು ಉಣ್ಣೆಯೋ ಅಲ್ಲವೋ ತಿಳಿಯಬೇಕಾದರೆ ಕುಚ್ಚಿನಿಂದ ಒಂದೆಳೆ ಕಿತ್ತು ಸುಟ್ಟು ನೋಡಿ. ಮಕ್ಕಳು ಇದನ್ನು ದೊಡ್ಡವರ ಮುಂದೆಯೇ ಮಾಡಬೇಕು. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿಯಾಗುತ್ತದೆ, ಪಾಲಿಯೆಸ್ಟರು ಅಥವಾ ಅಕ್ರಿಲಿಕ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಹೊಸ ಕಂಬಳಿ ಚುಚ್ಚುತ್ತದೆ, ಕೆಳಗೊಂದು ಹಳೆ ಪಂಚೆ ಸೇರಿಸಿ ಹೊದೆಯಿರಿ. ವರ್ಷ ಕಳೆದಂತೆ ಮೆತ್ತಗಾಗುತ್ತದೆ. ಬಿಸಿನೀರು, ವಾಷಿಂಗ್ ಮೆಷಿನ್ನು ಬೇಡವೇ ಬೇಡ, ಎಳೆಗಳು ಒಂದಕ್ಕೊಂದು ಕಚ್ಚಿಕೊಂಡು ಕಂಬಳಿ ಕುಗ್ಗಿಹೋಗುತ್ತದೆ. ವರ್ಷಕ್ಕೆ ಎರಡು ಮೂರು ಸಲ ಬಿಸಿಲಿಗೆ ಹಾಕಿ ಕೋಲಿನಿಂದ ಬಡಿದು, ಒಣಗಿದ ಬೇವಿನ ಸೊಪ್ಪು ನಡುವೆ ಇಟ್ಟು ಮಡಚಿ. ಹುಳ ಬಾರದು.